ಐದು ಯಂತ್ರ, ಐದು ಬೆರಳು

ಗೂಳಿ ಮೊದಲು ಹೊಡೆದದ್ದು ಕೌಂಟರಿನ ಮೇಲಿದ್ದ ಮಾನಿಟರಿಗೆ. ಆಮೇಲೆ ಭಾವನ ಬಾಯಿಗೆ. ಮಾನಿಟರು ಅಂಗಾತ ಬಿತ್ತು. ಭಾವ ಬೀಳಲಿಲ್ಲ, ಅಂಗೈಗೆ ಉದುರಿದ ಹಲ್ಲನ್ನು ಅದು ಬೇರೆ ಯಾರದ್ದೋ ಎಂಬಂತೆ ನೋಡುತ್ತ ನಿಂತಿದ್ದ.

"ಶಟರ್ ಎಳಿಯೋ," ಎಂದ ಗೂಳಿ.

ಅವನ ಜೊತೆ ಬಂದಿದ್ದ ಆಳಿಗೆ ಕಡ್ಡಿ ಎಂದು ಹೆಸರು. ಯಾರೋ ತಮಾಷೆಗೆ ಇಟ್ಟಿರಬೇಕು. ಅವನು ಬಾಗಿಲಲ್ಲಿ ನಿಂತರೆ ನಮ್ಮ ಅಂಗಡಿಯಿಂದ ಬೀದಿಯೇ ಕಾಣುತ್ತಿರಲಿಲ್ಲ. ಒಂದೇ ಕೈಯಲ್ಲಿ ಶಟರ್ ಎಳೆದ. ಮಧ್ಯಾಹ್ನದ ಬೆಳಕು ಹೊರಗೇ ಉಳಿಯಿತು.

ನಾನು ಒಳಕೋಣೆಯ ಹೊಸ್ತಿಲಲ್ಲಿ ಸ್ಕ್ರೂಡ್ರೈವರ್ ಹಿಡಿದು ನಿಂತಿದ್ದೆ. ಅಕ್ಕ ನನ್ನ ಹಿಂದೆ ಬೆಂಚಿನ ಮುಂದೆ ಕೂತಿದ್ದಳು. ಅವಳು ಕೈಯಲ್ಲಿದ್ದುದನ್ನು ಮೆಲ್ಲಗೆ ಕೆಳಗಿಟ್ಟ ಸದ್ದು ನನಗೆ ಕೇಳಿಸಿತು.

ನಮ್ಮದು ಹಳೆಯ ಕಂಪ್ಯೂಟರುಗಳನ್ನು ಕೊಂಡು, ಬಿಚ್ಚಿ, ಮತ್ತೆ ಜೋಡಿಸಿ ಮಾರುವ ಅಂಗಡಿ. ಭಾವನನ್ನು ಸುತ್ತಮುತ್ತಲಿನವರು ಸ್ಪೀಡಣ್ಣ ಎಂದು ಕರೆಯುತ್ತಿದ್ದರು. ಗಿರಾಕಿ ಬಂದರೆ ಅವನು ಹೇಳುತ್ತಿದ್ದದ್ದು ಒಂದೇ ಒಂದು ಅಂಕಿ, ಪ್ರೊಸೆಸರ್ ಎಷ್ಟು ಗಿಗಾಹರ್ಟ್ಜ್ ಎಂಬುದು. ಗಿರಾಕಿಗಳು ಕೇಳುತ್ತಿದ್ದದ್ದೂ ಅದನ್ನೇ. ಅಂಕಿ ದೊಡ್ಡದಾದಷ್ಟೂ ಯಂತ್ರ ಚುರುಕು ಎಂದು ಅವರು ನಂಬಿದ್ದರು. ಆಶ್ಚರ್ಯವೆಂದರೆ ಭಾವನೂ ಅದನ್ನೇ ನಂಬಿದ್ದ. ಜನರಿಗೆ ಮೋಸ ಮಾಡುತ್ತಿದ್ದೇನೆ ಎಂದು ಗೊತ್ತಿದ್ದರೂ, ಆ ಮೋಸದೊಳಗೆ ಏನಿದೆ ಎಂದು ಅವನಿಗೆ ಗೊತ್ತಿರಲಿಲ್ಲ.

ಪ್ರೊಸೆಸರಿನ ಮೇಲೆ ಒಂದು ಲೋಹದ ಮುಚ್ಚಳ ಇರುತ್ತದೆ. ಅದರ ಮೇಲೆ ಮಾದರಿಯ ಹೆಸರು ಕೊರೆದಿರುತ್ತದೆ. ಅಕ್ಕ ಆ ಮುಚ್ಚಳವನ್ನು ಒದ್ದೆ ಉಪ್ಪುಕಾಗದದ ಮೇಲೆ ತಿಕ್ಕಿ, ಹೆಸರು ಅಳಿಸಿ, ದುಬಾರಿ ಮಾದರಿಯ ಹೆಸರನ್ನು ಅಚ್ಚೊತ್ತುತ್ತಿದ್ದಳು. ಆಮೇಲೆ ಭಾವ ಅದರ ವೇಗವನ್ನು ತಾಳಿಕೆ ಮೀರಿ ಏರಿಸಿ, ಪರದೆಯ ಮೇಲೆ ಆ ಅಂಕಿ ಬರುವಂತೆ ಮಾಡುತ್ತಿದ್ದ. ಮೊದಲ ಸಲ ಅಕ್ಕ ಆಗಲ್ಲ ಎಂದಾಗ ಅವನು ಅವಳ ಹಣೆಯನ್ನು ಅದೇ ಬೆಂಚಿಗೆ ಚಚ್ಚಿದ್ದ. ಎರಡನೆಯ ಸಲ ಅವಳು ಏನೂ ಅನ್ನಲಿಲ್ಲ. ಅವಳ ಕೈ ಎಷ್ಟು ಸ್ಥಿರವೆಂದರೆ, ಅವಳು ಒತ್ತಿದ ಅಕ್ಷರ ಕಾರ್ಖಾನೆಯದಕ್ಕಿಂತ ಚೆನ್ನಾಗಿ ಕಾಣುತ್ತಿತ್ತು.

ಗೂಳಿ ತನ್ನ ಗೇಮ್ ಸೆಂಟರಿಗೆ ನಮ್ಮಿಂದ ಐದು ಯಂತ್ರ ಕೊಂಡಿದ್ದ. ಹಿಂದಿನ ವಾರ ಅಲ್ಲಿ ಪಂದ್ಯ ನಡೆಯುವಾಗ ಐದೂ ಕುಂಟಿದವು. ಅವನ ತಂಡ ಸೋತಿತು. ನೋಡಲು ಬಂದವರು ಬೇಕೆಂದೇ ಸೋತರು ಎಂದು ಕುರ್ಚಿ ಎತ್ತಿದರು. ಒಂದು ಕುರ್ಚಿಯ ಕಾಲು ಗೂಳಿಯ ತಮ್ಮನ ಎಡಗಣ್ಣಿಗೆ ಹೊಕ್ಕಿತು.

ಗೂಳಿ ಜೇಬಿನಿಂದ ಒಂದು ಪ್ರೊಸೆಸರ್ ತೆಗೆದು ಭಾವನ ಮೂಗಿನ ಕೆಳಗೆ ಹಿಡಿದ.

"ಓದು. ನಿನ್ನ ಇನ್ನೊಬ್ಬ ಗಿರಾಕಿ ಯಂತ್ರದಿಂದ ಕಿತ್ತು ತಂದಿದ್ದು."

ಭಾವ ರಕ್ತ ನುಂಗಿಕೊಂಡು ಓದಿದ.

ಗೂಳಿ ಇನ್ನೊಂದು ಜೇಬಿನಿಂದ ಉಗುರುಬಣ್ಣ ತೆಗೆಯುವ ದ್ರಾವಣದ ಪುಟ್ಟ ಸೀಸೆ ತೆಗೆದ. ಕರವಸ್ತ್ರಕ್ಕೆ ಸುರಿದುಕೊಂಡು ಮುಚ್ಚಳವನ್ನು ಒರೆಸಿದ. ಅಕ್ಷರಗಳು ಕರವಸ್ತ್ರಕ್ಕೆ ಬಂದವು.

"ಈಗ ಓದೋ ಸ್ಪೀಡು."

"ಅಣ್ಣಾ, ಅದು... ಕರೆಂಟು ಸರಿ ಇಲ್ದೇ ಇದ್ರೆ... ನಿಮ್ಮ ನೆಲಮಾಳಿಗೇಲಿ ಸೆಕೆ ಜಾಸ್ತಿ..."

"ಅಕ್ಷರ ಹೋಗಿದ್ದೂ ಸೆಕೆಗಾ?"

ಕಡ್ಡಿ ಭಾವನ ಬಲಗೈಯನ್ನು ಕೌಂಟರಿನ ಅಂಚಿಗೆ ಒತ್ತಿಹಿಡಿದು ಕಿರುಬೆರಳನ್ನು ಹಿಂದಕ್ಕೆ ಮಡಿಸಿದ. ಒಣ ಕೊಂಬೆ ಮುರಿದಂತೆ ಸದ್ದಾಯಿತು. ಭಾವ ಕೂಗಿದ ಕೂಗಿಗೆ ಶಟರಿನಾಚೆ ನಾಯಿ ಬೊಗಳಿತು.

"ಇದನ್ನ ಬರೆದ ಕೈ ಯಾವುದು?" ಗೂಳಿ ಮೆಲ್ಲಗೆ ಕೇಳಿದ. "ನನಗೆ ನಿನ್ನ ಕೈ ಬೇಡ. ಬರೆದ ಕೈ ಬೇಕು. ನನ್ನ ತಮ್ಮನ ಕಣ್ಣಿಗೆ ಅದು ಸಾಕು."

ಕಡ್ಡಿ ಎರಡನೆಯ ಬೆರಳಿಗೆ ಕೈ ಹಾಕಿದ. ಇನ್ನೂ ಮಡಿಸಿರಲಿಲ್ಲ.

"ಅವಳು! ನನ್ನ ಹೆಂಡ್ತಿ! ಅವಳೇ ಬರೆದಿದ್ದು, ನಾನಲ್ಲ!"

ನಾನು ಅಕ್ಕನ ಮುಖ ನೋಡಿದೆ. ಅವಳಿಗೆ ಆಶ್ಚರ್ಯವೇನೂ ಆಗಿರಲಿಲ್ಲ. ಸೆರಗಿಗೆ ಕೈ ಒರೆಸಿಕೊಂಡು ನನ್ನನ್ನು ಪಕ್ಕಕ್ಕೆ ಸರಿಸಿ ಮುಂದೆ ಬಂದಳು.

"ನಿಜಾನಾ ತಂಗೀ?" ಎಂದ ಗೂಳಿ.

"ಹೌದು. ಬಲಗೈಲಿ."

ಗೂಳಿ ಹೊಸ್ತಿಲು ದಾಟಿ ಬೆಂಚಿನ ಮೇಲಿದ್ದ ಸುತ್ತಿಗೆ ಎತ್ತಿಕೊಂಡ. ಪೆಟ್ಟಿಗೆಗಳ ಸೊಟ್ಟಗಾದ ತಗಡು ತಟ್ಟಲು ನಾವು ಇಟ್ಟುಕೊಂಡಿದ್ದ ಸಣ್ಣ ಸುತ್ತಿಗೆ ಅದು. ಕಡ್ಡಿ ಅಕ್ಕನ ಮಣಿಕಟ್ಟು ಹಿಡಿದು ಕೌಂಟರಿನ ಮೇಲೆ ಹರವಿದ.

"ಅಣ್ಣಾ, ನಿಲ್ಸಿ," ಎಂದೆ. "ಆ ಯಂತ್ರಗಳು ಓಡ್ತವೆ. ನಾನು ಓಡಿಸ್ತೀನಿ."

ಎಲ್ಲರೂ ತಿರುಗಿದರು. ಗಿರಾಕಿಗಳ ಎದುರು ನಾನು ಬಾಯಿ ಬಿಟ್ಟದ್ದನ್ನು ಅಕ್ಕನೂ ಕಂಡಿರಲಿಲ್ಲ.

"ಅದು ಮೂಗಿ," ಎಂದ ಭಾವ, ರಕ್ತದ ಜೊಲ್ಲು ಒರೆಸಿಕೊಳ್ಳುತ್ತ. "ಸ್ಕೂಲ್ ಬಿಟ್ಟು ಬಂದು ನಮ್ಮನೇಲಿ ಬಿದ್ದಿದೆ. ಅದಕ್ಕೇನು ಗೊತ್ತು ಅಣ್ಣಾ?"

"ನಿನ್ನ ಕೇಳಿದ್ನಾ?" ಗೂಳಿ ಅವನ ಕಡೆ ನೋಡದೆ ಸುತ್ತಿಗೆಯ ಹಿಡಿಯಿಂದ ಅವನ ಪಕ್ಕೆಗೆ ತಿವಿದ. ಭಾವ ಮಡಿಚಿಕೊಂಡು ಕೂತ. "ಹೇಳು ಮೂಗಿ. ಇವತ್ತು ಸಂಜೆ ಮತ್ತೆ ಪಂದ್ಯ ಇದೆ. ಬೇರೆ ಯಂತ್ರ ತರೋಕೆ ನನಗೆ ಹೊತ್ತಿಲ್ಲ. ಇವು ಮತ್ತೆ ಕುಂಟಿದ್ರೆ ಜನ ಈ ಸಲ ಕುರ್ಚಿ ಎತ್ತಲ್ಲ, ಬೆಂಕಿ ಹಚ್ತಾರೆ. ಒಳಗೆ ನನ್ನ ತಮ್ಮ ಇರ್ತಾನೆ. ಓಡಿಸ್ತೀಯಾ?"

"ಓಡಿಸ್ತೀನಿ."

ಗೂಳಿ ಅಕ್ಕನ ಕೈ ನೋಡಿದ. ಒಂದೊಂದೇ ಬೆರಳಿನ ಮೇಲೆ ಸುತ್ತಿಗೆಯ ತಲೆಯನ್ನು ಮೆಲ್ಲಗೆ ಇಟ್ಟು ತೆಗೆದ.

"ಐದು ಯಂತ್ರ. ಐದು ಬೆರಳು. ಎಷ್ಟು ಯಂತ್ರ ಕುಂಟದೆ ಕೊನೇವರೆಗೂ ಓಡ್ತವೋ, ನಿನ್ನ ಅಕ್ಕನಿಗೆ ಅಷ್ಟು ಬೆರಳು. ನಾನು ಒಂದು ಮಾತಿನ ಮನುಷ್ಯ."

ಹೊರಡುವಾಗ ನಾನು ಶಾಖದ ಪೇಸ್ಟಿನ ಸಿರಿಂಜು, ಒಂದಿಷ್ಟು ರ‍್ಯಾಮ್ ಪಟ್ಟಿಗಳು, ಬಟ್ಟೆ, ಬ್ರಷ್ಷು ಚೀಲಕ್ಕೆ ತುಂಬಿಕೊಂಡೆ. ಸುತ್ತಿಗೆಯನ್ನು ಗೂಳಿಯೇ ತಂದ.

ಗೇಮ್ ಸೆಂಟರ್ ಒಂದು ಬಟ್ಟೆ ಗೋದಾಮಿನ ಕೆಳಗಿನ ನೆಲಮಾಳಿಗೆ. ಒಡೆದ ಕುರ್ಚಿಗಳಿಗೆ ತಂತಿ ಸುತ್ತಿ ಮತ್ತೆ ಸಾಲಾಗಿ ಇಟ್ಟಿದ್ದರು. ಗೋಡೆಯಲ್ಲಿ ಒಂದು ಕಡೆ ಒರೆಸಿದ ಕಲೆ ಇತ್ತು. ಒರೆಸಿದ್ದರಿಂದ ಅದು ಇನ್ನೂ ದೊಡ್ಡದಾಗಿ ಕಾಣುತ್ತಿತ್ತು. ಎದುರಾಳಿ ತಂಡದವರು ತಮ್ಮ ಯಂತ್ರಗಳನ್ನು ತಾವೇ ತರುವವರಿದ್ದರು. ನಮ್ಮ ಐದು ಒಂದೇ ಮೇಜಿನ ಮೇಲೆ ಸಾಲಾಗಿದ್ದವು. ಹಿಂದುಗಡೆ ಸಾಮಾನು ಕೋಣೆ. ಅಕ್ಕನನ್ನೂ ಭಾವನನ್ನೂ ಅದರೊಳಗೆ ಕೂರಿಸಿ ಕಡ್ಡಿ ಬಾಗಿಲಿಗೆ ನಿಂತ. ಅವರ ಹತ್ತಿರ ಮಾತಾಡಕೂಡದು ಎಂದು ಅಪ್ಪಣೆಯಾಯಿತು.

ಮೂಲೆಯ ಐದನೆಯ ಯಂತ್ರದ ಮುಂದೆ ಗೂಳಿಯ ತಮ್ಮ ಕೂತಿದ್ದ. ಅರ್ಧ ಮುಖಕ್ಕೆ ಬಿಳಿ ಪಟ್ಟಿ. ತಂಡದ ನಾಯಕ ಅವನೇ. ಅಣ್ಣ ಬೇಡವೆಂದರೂ ಆಡುತ್ತೇನೆ ಎಂದು ಹಟ ಹಿಡಿದಿದ್ದ.

"ನಿಮ್ಮಕ್ಕ ಬರೆದಿದ್ದು ಚೆನ್ನಾಗಿತ್ತು," ಎಂದ ನನಗೆ. "ಎರಡು ಕಣ್ಣಿದ್ದಾಗಲೇ ನನಗೆ ಗೊತ್ತಾಗಲಿಲ್ಲ."

ನಾನು ತಲೆ ತಗ್ಗಿಸಿ ಮೊದಲ ಯಂತ್ರ ಬಿಚ್ಚಿದೆ. ಫ್ಯಾನು, ಅದರ ಕೆಳಗಿನ ಲೋಹದ ಗಟ್ಟಿ ಎತ್ತಿದ ಕೂಡಲೇ ಬಾಯಿ ತೊಳೆದಂಥ ತಣ್ಣನೆಯ ವಾಸನೆ ಬಂತು. ಬಾಗಿಲಲ್ಲಿ ನಿಂತಿದ್ದ ಕಡ್ಡಿ ಮೂಗರಳಿಸಿದ.

"ಇದು ನಮ್ಮನೆ ಬಚ್ಚಲ ವಾಸನೆ."

ಪ್ರೊಸೆಸರಿಗೂ ಫ್ಯಾನಿನ ಲೋಹಕ್ಕೂ ನಡುವೆ ಒಂದು ಬಗೆಯ ಪೇಸ್ಟ್ ಹಚ್ಚಬೇಕು. ಪ್ರೊಸೆಸರಿನ ಬಿಸಿ ಅದರ ಮೂಲಕವೇ ಫ್ಯಾನಿಗೆ ಹೋಗುವುದು. ಭಾವ ಹಚ್ಚಿದ್ದು ಹಲ್ಲುಜ್ಜುವ ಪೇಸ್ಟು. ಒದ್ದೆಯಾಗಿರುವವರೆಗೆ ಅದೂ ಕೆಲಸ ಮಾಡುತ್ತದೆ. ಗಿರಾಕಿಯ ಮುಂದೆ ಅಂಕಿ ತೋರಿಸಿ ಕಳಿಸುವಷ್ಟು ಹೊತ್ತು ಸಾಕು. ಈಗ ಅದು ಒಣಗಿ ಸುಣ್ಣದ ಹಕ್ಕಳೆಯಾಗಿತ್ತು.

ನಾನು ಹೇಳಬೇಕಾಗಲಿಲ್ಲ. ಗೂಳಿ ಬೆರಳಲ್ಲಿ ಕೆರೆದು ಮೂಸಿದ. ನೆಟ್ಟಗೆ ಸಾಮಾನು ಕೋಣೆಗೆ ಹೋದ. ಮೊದಲು ಭಾವನ ತಲೆ ಗೋಡೆಗೆ ತಾಗಿದ ಸದ್ದು, ಆಮೇಲೆ ಗೂಳಿಯ ಧ್ವನಿ: "ಬಾಯಿ ತೆಗಿ. ಹಲ್ಲು ಉಜ್ಜಿಸ್ತೀನಿ." ಒಂದಷ್ಟು ಹೊತ್ತು ಒದೆಗಳ ಸದ್ದು ಬಂತು. ಗೂಳಿಯ ತಮ್ಮ ಆ ಕಡೆ ಕತ್ತೂ ತಿರುಗಿಸಲಿಲ್ಲ. ನಾನು ಮುಚ್ಚಳದ ಮೇಲಿನ ಹಕ್ಕಳೆ ಒರೆಸುತ್ತಿದ್ದೆ. ಅಕ್ಕ ಒತ್ತಿದ ಅಕ್ಷರಗಳ ಮೇಲೆ ಬಟ್ಟೆ ಹಗುರಾಗಿ ಆಡಿಸಿದೆ. ಐದು ಯಂತ್ರ ಬಿಚ್ಚಿದೆ. ಐದರ ಮೇಲೂ ಒಂದೇ ಹೆಸರಿತ್ತು.

ಗೂಳಿ ಬೆರಳ ಗಂಟುಗಳನ್ನು ಉಜ್ಜಿಕೊಳ್ಳುತ್ತ ಬಂದು ನನ್ನ ಪಕ್ಕ ಕೂತ. ಅಷ್ಟರಲ್ಲಿ ನಾನು ಮೊದಲ ಯಂತ್ರದ ಒಳಸೆಟ್ಟಿಂಗಿನ ಪರದೆ ತೆರೆದು ವೇಗದ ಅಂಕಿ ಇಳಿಸುತ್ತಿದ್ದೆ. ಅವನು ನನ್ನ ಜಡೆ ಹಿಡಿದು ತಲೆ ಹಿಂದಕ್ಕೆಳೆದ.

"ಏನೇ ಮಾಡ್ತಿದೀಯಾ? ಕಡಿಮೆ ಮಾಡ್ತಿದೀಯಾ?"

"ಹೌದಣ್ಣಾ."

"ಕುಂಟೋ ಕುದುರೆಗೆ ಕಾಲು ಕಟ್ಟಿದ್ರೆ ಓಡತ್ತಾ?"

"ಇದು ಕುಂಟ್ತಿರೋದೇ ಜಾಸ್ತಿ ಓಡೋದಕ್ಕೆ." ನನ್ನ ಕತ್ತು ಹಿಂದಕ್ಕೆ ಬಾಗಿಯೇ ಇತ್ತು; ಮಾತು ಗಂಟಲಲ್ಲಿ ಸಿಕ್ಕಿ ಬರುತ್ತಿತ್ತು. "ಆ ಅಂಕಿ ಅಂದ್ರೆ ಒಳಗಿರೋ ಆಳಿನ ಕೈ ಎಷ್ಟು ಬೇಗ ಆಡತ್ತೆ ಅನ್ನೋದು. ಬೇಗ ಆಡಿದಷ್ಟೂ ಬಿಸಿ. ಬಿಸಿ ಮಿತಿ ಮೀರಿದ್ರೆ ಸುಟ್ಟುಹೋಗಬಾರದು ಅಂತ ಅದು ತಾನಾಗೇ ನಿಧಾನ ಆಗತ್ತೆ. ತಣ್ಣಗಾಯ್ತು ಅಂದ್ರೆ ಮತ್ತೆ ಓಡತ್ತೆ. ಮತ್ತೆ ಬಿಸಿ, ಮತ್ತೆ ನಿಧಾನ. ಆಟದಲ್ಲಿ ನಿಮಗೆ ಅದೇ ನಿಂತು ನಿಂತು ಹೋದ ಹಾಗೆ ಕಾಣೋದು. ಭಾವ ಅಂಗಡೀಲಿ ಪರೀಕ್ಷೆ ಮಾಡೋದು ಒಂದು ಗಳಿಗೆ. ಬಿಸಿ ಏರೋ ಮೊದಲೇ ಮುಗಿಸ್ತಾರೆ."

ಗೂಳಿ ಜಡೆ ಬಿಟ್ಟ.

"ಹೊಡೆದಾಟದಲ್ಲಿ ನನ್ನ ಹುಡುಗ ತಾನಾಗೇ ನಿಧಾನ ಮಾಡಿದ್ರೆ ನಾನು ಅವನ ಕಾಲು ಮುರೀತೀನಿ."

"ಮಾಡದಿದ್ರೆ ಅವನು ಎದೆ ಒಡೆದು ಸಾಯ್ತಾನಣ್ಣಾ."

ತಮ್ಮ ನಕ್ಕ, ನಕ್ಕಾಗ ಪಟ್ಟಿಯ ಕೆಳಗೆ ನೋವಾಗಿ ಕೆನ್ನೆ ಹಿಡಿದುಕೊಂಡ.

"ನಾಲ್ಕು ಕೋರ್ ಇದೆ ಅಂದಿದ್ದ ನಿನ್ನ ಭಾವ. ಅದೂ ಸುಳ್ಳಾ?" ಎಂದ ಗೂಳಿ.

"ಅದು ನಿಜ. ನಾಲ್ಕು ಆಳು ಅಂತ."

"ಹಾಗಾದ್ರೆ ಒಬ್ಬನಿಗಿಂತ ನಾಲ್ಕರಷ್ಟು ಬೇಗ ಕೆಲಸ ಆಗಬೇಕು."

"ಹಂಚಿಕೊಳ್ಳೋಕೆ ಬರೋ ಕೆಲಸ ಆದ್ರೆ ಮಾತ್ರ."

ಗೂಳಿ ತಲೆಯಾಡಿಸಿದ. "ಇಕ್ಕಟ್ಟು ಓಣೀಲಿ ಒಬ್ಬನ್ನ ಹೊಡಿಯೋಕೆ ನಾಲ್ಕು ಜನ ಹೋದ್ರೆ ಮುಂದಿನೋನು ಹೊಡೀತಾನೆ. ಹಿಂದಿನ ಮೂರು ಜನ ಸಿಗರೇಟು ಸೇದ್ತಾ ನಿಂತಿರ್ತಾರೆ."

"ಅದೇ ಅಣ್ಣಾ." ಅವನಿಗೆ ಇಷ್ಟು ಬೇಗ ಅರ್ಥವಾದದ್ದು ನನಗೆ ಹೆದರಿಕೆ ಹುಟ್ಟಿಸಿತು.

ಎಲ್ಲ ಯಂತ್ರದಲ್ಲೂ ಭಾವ ಒಂದೊಂದೇ ರ‍್ಯಾಮ್ ಪಟ್ಟಿ ಹಾಕಿದ್ದ. ನಾನು ಜೋಡಿ ಮಾಡಿದೆ. ರ‍್ಯಾಮ್ ಅಂದರೆ ಯಂತ್ರ ಸಾಮಾನಿಡುವ ಗೋದಾಮು, ಅದಕ್ಕೆ ಒಂದು ಬಾಗಿಲಿದ್ದದ್ದು ಎರಡಾಯಿತು ಎಂದು ಗೂಳಿಗೆ ಹೇಳಿದೆ. ಒಳಗಿನ ಆಳುಗಳು ಸಾಮಾನಿಗಾಗಿ ಕಾಯುವುದು ತಪ್ಪುತ್ತದೆ. ಹೊಸ ಪೇಸ್ಟ್ ಹಚ್ಚಿದೆ. ಫ್ಯಾನಿನ ರೆಕ್ಕೆಗಳಿಂದ ಧೂಳು ಕೆರೆದೆ. ನಂತರ ನಾಲ್ಕೂ ಕೋರಿಗೆ ಒಟ್ಟಿಗೆ ಭಾರ ಹಾಕುವ ಪರೀಕ್ಷೆ ಓಡಿಸಿ, ಬಿಸಿಯ ಅಂಕಿ ನೋಡುತ್ತ ಕೂತೆ. ಅಂಗಡಿಯಲ್ಲಿ ಭಾವ ಮಧ್ಯಾಹ್ನ ನಿದ್ದೆ ಹೋದಾಗಲೆಲ್ಲ ನಾನು ನೋಡುತ್ತಿದ್ದದ್ದು ಇದನ್ನೇ. ಅಂಕಿ ಏರುವುದು, ಒಂದು ಕಡೆ ನಿಲ್ಲುವುದು, ನಿಲ್ಲದಿದ್ದರೆ ವೇಗ ಬೀಳುವುದು. ಯಾರೂ ಕಲಿಸಿದ್ದಲ್ಲ. ನೋಡಿ ನೋಡಿ ಗೊತ್ತಾದದ್ದು.

ಮೊದಲ ಯಂತ್ರದ ಬಿಸಿ ಏರಿ ನಿಂತಿತು. ವೇಗ ಬೀಳಲಿಲ್ಲ. ಎರಡನೆಯದೂ ಹಾಗೆಯೇ. ಐದಕ್ಕೂ ಅದೇ ವೇಗ ಇಟ್ಟೆ, ಐದರ ಬಿಸಿಯೂ ಹಾಗೇ ಏರಿ ನಿಂತಿತು.

ಒಳಸೆಟ್ಟಿಂಗಿನ ಪರದೆಯ ತುದಿಯ ಸಾಲಿನಲ್ಲಿ ಪ್ರೊಸೆಸರಿನ ನಿಜವಾದ ಹೆಸರಿರುತ್ತದೆ. ಮುಚ್ಚಳದ ಮೇಲೆ ಯಾರು ಏನೇ ಬರೆದರೂ ಅದು ಬದಲಾಗದು. ನಾನು ಆ ಸಾಲು ಓದಲಿಲ್ಲ. ಇಂಗ್ಲಿಷ್ ಅಕ್ಷರ ಕೂಡಿಸಿ ಓದುವುದು ನನಗೆ ನಿಧಾನ, ಅಂಕಿ ಬೇಗ. ಹೊತ್ತು ಮುಳುಗುತ್ತಿತ್ತು, ಮೆಟ್ಟಿಲ ಮೇಲೆ ಜನ ಆಗಲೇ ಗಲಾಟೆ ಶುರುಮಾಡಿದ್ದರು. ನನ್ನ ಕಣ್ಣು ವೇಗದ ಮೇಲೂ ಬಿಸಿಯ ಮೇಲೂ ಇತ್ತು.

ಪಂದ್ಯ ಶುರುವಾಯಿತು.

ನನ್ನನ್ನು ಸಾಮಾನು ಕೋಣೆಯ ಬಾಗಿಲಿಗೆ ತಂದು ನಿಲ್ಲಿಸಿದ್ದರು. ಒಂದು ಕಡೆ ಆಟಗಾರರ ಬೆನ್ನು, ಪರದೆಗಳು. ಇನ್ನೊಂದು ಕಡೆ ಅಕ್ಕ, ಒಂದು ರಟ್ಟಿನ ಪೆಟ್ಟಿಗೆಯ ಮೇಲೆ, ಕೈ ಮಡಿಲಲ್ಲಿ. ಭಾವ ನೆಲದ ಮೇಲೆ, ತುಟಿಯ ಸುತ್ತ ಬಿಳಿ ನೊರೆ ಮತ್ತು ಕೆಂಪು. ನೆಲಮಾಳಿಗೆ ಜನರಿಂದ ಕಿಕ್ಕಿರಿದಿತ್ತು. ಪರದೆಯಲ್ಲಿ ಯಾರೋ ಯಾರನ್ನೋ ಇರಿದರೆ ಇಲ್ಲಿ ನೂಕಾಟ ಶುರುವಾಗುತ್ತಿತ್ತು. ಗೂಳಿಯ ಕಡೆಯೊಬ್ಬ ಎದುರಾಳಿಯ ಕಡೆಯವನ ಕೊರಳಪಟ್ಟಿ ಹಿಡಿದು ಮುಖಕ್ಕೆ ತಲೆಯಿಂದ ಗುದ್ದಿದ. ಅವನ ಮೂಗಿನಿಂದ ಹರಿದದ್ದನ್ನು ಒರೆಸಲು ಯಾರೂ ಏಳಲಿಲ್ಲ. ಅವನೂ ಪರದೆಯನ್ನೇ ನೋಡುತ್ತ ನಿಂತ.

ಯಂತ್ರಗಳು ಓಡುತ್ತಿದ್ದವು. ಮೊದಲನೆಯದು ನೀರು ಹರಿದಂತೆ. ಎರಡನೆಯದು, ಮೂರನೆಯದು, ನಾಲ್ಕನೆಯದು. ಗೂಳಿ ಗೋಡೆಗೆ ಒರಗಿ, ಸುತ್ತಿಗೆಯನ್ನು ತೊಡೆಗೆ ಮೆಲ್ಲಗೆ ತಟ್ಟಿಕೊಳ್ಳುತ್ತಿದ್ದ.

ಮೂಲೆಯ ಪರದೆ ಒಮ್ಮೆ ತಡವರಿಸಿತು.

ರೆಪ್ಪೆ ಬಡಿದಷ್ಟು ಹೊತ್ತು, ಅಷ್ಟೇ. ಮತ್ತೆ ಸರಿಯಾಯಿತು. ಪರದೆಯಲ್ಲಿ ಎಲ್ಲರೂ ಒಂದೇ ಕಡೆ ಸೇರಿ ಬಡಿದಾಡತೊಡಗಿದಾಗ ಮತ್ತೆ ತಡವರಿಸಿತು, ಈ ಸಲ ಇನ್ನೂ ಹೆಚ್ಚು ಹೊತ್ತು. ಗೂಳಿಯ ತಮ್ಮ ಮೇಜಿಗೆ ಗುದ್ದಿದ. ಬಿಸಿ ಇರಲಾರದು, ಬಿಸಿ ನಾನೇ ನೋಡಿದ್ದೆ. ವೇಗವೂ ಅಷ್ಟೇ ಇತ್ತು.

"ಮೂಲೇದು ಯಾಕೆ ಹೀಗೆ ಮಾಡ್ತಿದೆ?" ನಾನು ಯಾರನ್ನೂ ಕೇಳಿರಲಿಲ್ಲ, ಬಾಯಿಂದ ಬಂದುಬಿಟ್ಟಿತ್ತು.

"ಮೂಲೇದಾ?" ಹಿಂದಿನಿಂದ ಅಕ್ಕ ಕೇಳಿದಳು. "ಮುಚ್ಚಳದ ಬಲಮೂಲೆ ಒಂಚೂರು ತಗ್ಗಿತ್ತಾ?"

ತಗ್ಗಿತ್ತು. ಪೇಸ್ಟ್ ಹಚ್ಚುವಾಗ ಸಿರಿಂಜಿನ ತುದಿಗೆ ಅದು ಸಿಕ್ಕಿತ್ತು.

"ಅದನ್ನ ನಾನು ಜಾಸ್ತಿ ತಿಕ್ಕಿದ್ದೆ. ಅದು ಬೇರೆ ಜಾತಿದು ಪುಟ್ಟೀ. ನಾಲ್ಕೇ ಒಳ್ಳೇದು ಸಿಕ್ಕಿತ್ತು. ಐದನೇದಕ್ಕೆ ಇವರು ಆಫೀಸಿನ ಹಳೇ ಡಬ್ಬದಿಂದ ಕಿತ್ತು ಕೊಟ್ರು. ವೇಗ ಅಷ್ಟೇ ಬರತ್ತೆ. ಕ್ಯಾಶ್ ಕಾಲುಭಾಗಾನೂ ಇಲ್ಲ."

"ಕ್ಯಾಶಾ? ಎಲ್ಲಿದೆ ಕ್ಯಾಶು?" ಎಂದ ಕಡ್ಡಿ.

"ಆ ಕ್ಯಾಶಲ್ಲ," ಎಂದೆ. "ಆಳಿನ ಕೈಪಕ್ಕದಲ್ಲಿ ಇರೋ ತಟ್ಟೆ. ಬೇಕಾದ ಸಾಮಾನು ಅದರಲ್ಲಿದ್ರೆ ತಕ್ಷಣ ಸಿಗತ್ತೆ. ತಟ್ಟೆ ಚಿಕ್ಕದಾದ್ರೆ ಪ್ರತಿ ಸಲ ಎದ್ದು ಗೋದಾಮಿಗೆ ಓಡ್ಬೇಕು. ಎಷ್ಟೇ ಚುರುಕು ಕೈ ಇದ್ರೂ ಅಷ್ಟು ಹೊತ್ತು ಕೆಲಸ ನಿಂತಿರತ್ತೆ." ಹೇಳುತ್ತ ಹೇಳುತ್ತ ನನಗೇ ಅದು ಹೊಳೆಯಿತು. ಗುಂಪು ಕೂಡಿದಾಗ, ಎಲ್ಲ ಕಡೆಯ ಸಾಮಾನು ಒಟ್ಟಿಗೆ ಬೇಕಾದಾಗ, ಅದು ನಿಲ್ಲಲೇಬೇಕು. ಪೇಸ್ಟ್ ಹಚ್ಚಿ ಸರಿಮಾಡುವುದಲ್ಲ, ವೇಗ ಇಳಿಸಿಯೋ ಏರಿಸಿಯೋ ಸರಿಮಾಡುವುದಲ್ಲ. ಆ ತಟ್ಟೆ ಹುಟ್ಟಿದಾಗಲೇ ಅಷ್ಟು.

ಗೂಳಿ ನಮ್ಮ ಮಾತು ಕೇಳಿಸಿಕೊಳ್ಳುತ್ತಿದ್ದ. ಸುತ್ತಿಗೆ ತಟ್ಟುವುದು ನಿಂತಿತು.

ಗೂಳಿಯ ತಮ್ಮ ಒಂಟಿ ಕಣ್ಣಲ್ಲೇ, ತಡವರಿಸುವ ಯಂತ್ರದ ಮುಂದೆ ಆಡಿದ. ಗುಂಪು ಸೇರಿದ ಕಡೆ ಹೋಗದೆ ಹೊರಗೇ ನಿಂತು, ತನ್ನ ನಾಲ್ವರಿಗೆ ಕೂಗಿ ಕೂಗಿ ದಾರಿ ಹೇಳಿದ. ಯಂತ್ರ ಎಲ್ಲಿ ನಿಲ್ಲುತ್ತದೆಂದು ಅವನಿಗೂ ಗೊತ್ತಾಗಿಬಿಟ್ಟಿತ್ತು. ಕೊನೆಗೆ ಅವರು ಗೆದ್ದರು. ನೆಲಮಾಳಿಗೆ ಸಿಡಿದಂತಾಯಿತು. ಸೋತ ಕಡೆಯವರಿಗೆ ಮೆಟ್ಟಿಲವರೆಗೂ ಏಟು ಬಿತ್ತು. ಒಬ್ಬನನ್ನು ಕಾಲು ಹಿಡಿದು ಎಳೆದುಕೊಂಡು ಹೋದರು, ಅವನ ತಲೆ ಒಂದೊಂದೇ ಮೆಟ್ಟಿಲಿಗೆ ತಾಗುತ್ತ ಮೇಲೆ ಹೋಯಿತು. ತಮ್ಮನನ್ನು ಹೆಗಲ ಮೇಲೆ ಹೊತ್ತು ಕುಣಿದರು. ನನಗೆ ಒಂದು ಗಳಿಗೆ ಎಲ್ಲ ಮುಗಿಯಿತು ಅನಿಸಿತು.

ಗೂಳಿ ಕೋಣೆಯೊಳಗೆ ಬಂದು ಬಾಗಿಲು ಹಾಕಿದ.

"ನಾಲ್ಕು ಓಡಿದವು. ಒಂದು ಕುಂಟಿತು."

"ಗೆದ್ರಲ್ಲ ಅಣ್ಣಾ," ಎಂದೆ.

"ಗೆದ್ದಿದ್ದು ನನ್ನ ತಮ್ಮ. ಯಂತ್ರ ಅಲ್ಲ." ಅವನ ಧ್ವನಿಯಲ್ಲಿ ಸಿಟ್ಟೇ ಇರಲಿಲ್ಲ. ಬಾಗಿಲು ತೆರೆದು ಕೂಗಿದ, "ಏ ತಮ್ಮಾ, ನಿನ್ನ ಯಂತ್ರ ನಿಂತಿತ್ತೋ ಇಲ್ವೋ?"

ತಮ್ಮ ಹೆಗಲುಗಳಿಂದ ಇಳಿದು ಬಂದ. ಪಟ್ಟಿಯ ಅಂಚಿನಲ್ಲಿ ಹೊಸ ರಕ್ತ ಒಸರುತ್ತಿತ್ತು. ಅಕ್ಕನ ಕೈಯನ್ನು ನೋಡಿದ, ನನ್ನನ್ನು ನೋಡಿದ.

"ನಿಂತಿತ್ತು," ಎಂದು ಹೇಳಿ ಹೊರಟುಹೋದ.

ಕಡ್ಡಿ ಒಂದು ಮರದ ಮೇಜು ಎಳೆದ. ಗೂಳಿ ಸುತ್ತಿಗೆ ಎತ್ತಿದವನು, ಏನೋ ಹೊಳೆದಂತೆ ಭಾವನ ಕಡೆ ತಿರುಗಿದ.

"ಲೋ ಸ್ಪೀಡು. ನಿನ್ನ ಹೆಂಡ್ತಿ. ನೀನೇ ಮಾಡು. ಮಾಡಿದ್ರೆ ನಿನ್ನ ಉಳಿದ ಬೆರಳು ನಿನಗೆ."

ಭಾವ ಎದ್ದ. ಇಲ್ಲ ಎಂದು ಒಂದು ಸಲವಾದರೂ ಅನ್ನುತ್ತಾನೆ ಎಂದು ನಾನು ಕಾದೆ. ಅವನು ಎಡಗೈ ಚಾಚಿ ಸುತ್ತಿಗೆ ತೆಗೆದುಕೊಂಡ.

"ಕೈ ಇಡೇ, ಬೇಗ ಮುಗಿಸೋಣ," ಎಂದ ಅಕ್ಕನಿಗೆ. ಹಲ್ಲಿಲ್ಲದ ಕಡೆಯಿಂದ ಮಾತು ಸೋರುತ್ತಿತ್ತು. "ನನಗೂ ನೋವಾಗಿದೆ."

ಅಕ್ಕ ಅವನನ್ನು ನೋಡಿದಳು. ಮುಚ್ಚಳ ತಿಕ್ಕಿದ ಮೇಲೆ ಬೆಳಕಿಗೆ ಹಿಡಿದು ಹಳೆಯ ಅಕ್ಷರ ಏನಾದರೂ ಉಳಿದಿದೆಯೇ ಎಂದು ನೋಡುತ್ತಾಳಲ್ಲ, ಹಾಗೆ ನೋಡಿದಳು. ಏನೂ ಉಳಿದಿರಲಿಲ್ಲ.

"ರೀ, ಕೆಳಗಿಡಿ."

"ಏನು?"

"ಸುತ್ತಿಗೆ ಕೆಳಗಿಡಿ. ನಿಮ್ಮ ಎಡಗೈ ನಡುಗ್ತಿದೆ. ನೀವು ಹೊಡೆದ್ರೆ ಇಡೀ ಕೈ ಹೋಗತ್ತೆ." ಗೂಳಿಯ ಕಡೆ ತಿರುಗಿದಳು. "ಒಂದು ಬೆರಳು ಅಂದಿದೀರಿ. ಅಂಗಡೀಲಿ ಮಾತು ಕೊಟ್ಟಾಗ ಯಾರು ಹೊಡೀಬೇಕು ಅಂತ ಹೇಳಿರಲಿಲ್ಲ. ನನ್ನ ತಂಗಿ ಹೊಡೀಲಿ."

"ಅಕ್ಕಾ, ನನ್ನಿಂದ ಆಗಲ್ಲ."

"ಆಗತ್ತೆ. ಬಾ."

"ಅಕ್ಕಾ..."

"ಈ ಅಣ್ಣ ಹೊಡೆದ್ರೆ ಎಷ್ಟು ಜೋರಾಗಿ ಹೊಡೀತಾರೋ ಗೊತ್ತಿಲ್ಲ. ನೀನು ಎಷ್ಟು ಬೇಕೋ ಅಷ್ಟೇ ಹೊಡೀತೀಯ. ಬಾ ಪುಟ್ಟೀ. ಅಳ್ಬೇಡ, ಕಣ್ಣು ಮಂಜಾದ್ರೆ ಕೆಲಸ ಕೆಡತ್ತೆ."

ಗೂಳಿ ಭಾವನ ಕೈಯಿಂದ ಸುತ್ತಿಗೆ ಕಿತ್ತು ನನಗೆ ಕೊಟ್ಟ.

ಅಕ್ಕ ಮೇಜಿನ ಪಕ್ಕ ಮಂಡಿಯೂರಿದಳು. ನಾಲ್ಕು ಬೆರಳನ್ನು ಅಂಚಿನಿಂದ ಕೆಳಕ್ಕೆ ಮಡಿಸಿ ಹಿಡಿದು, ಕಿರುಬೆರಳನ್ನು ಮಾತ್ರ ಹಲಗೆಯ ಮೇಲೆ ಉದ್ದಕ್ಕೆ ಚಾಚಿದಳು. ಅದರ ತುದಿಯ ಚರ್ಮ ಉಪ್ಪುಕಾಗದಕ್ಕೆ ಸವೆದು ನುಣ್ಣಗೆ ಹೊಳೆಯುತ್ತಿತ್ತು. ಎಡಗೈಯಿಂದ ಸೆರಗನ್ನು ಉಂಡೆ ಮಾಡಿ ಬಾಯಿಗೆ ತುರುಕಿಕೊಂಡಳು. ನಡುಗಂಟಿನ ಮೇಲೆ ಬೇಡ, ಅದರ ಮುಂದೆ, ಎಂದು ಕಣ್ಣಲ್ಲೇ ತೋರಿಸಿದಳು.

ನಾನು ಹೊಡೆದೆ.

ಸದ್ದು ಸಣ್ಣದಾಗಿತ್ತು. ಬೆರಳಿನ ಆಕಾರ ಬದಲಾಯಿತು. ಉಗುರಿನ ಬುಡದಿಂದ ರಕ್ತ ಚಿಮ್ಮಿ ನನ್ನ ಮಣಿಕಟ್ಟಿಗೆ ಬಿಸಿಯಾಗಿ ತಾಗಿತು. ಅಕ್ಕನ ಕಣ್ಣುಗಳು ಮೇಲಕ್ಕೆ ಹೊರಳಿದವು. ಬಟ್ಟೆಯೊಳಗಿಂದ ಬಂದ ಧ್ವನಿ ಮನುಷ್ಯರದ್ದು ಅನ್ನಿಸಲಿಲ್ಲ. ಕಡ್ಡಿ ಮುಖ ತಿರುಗಿಸಿದ. ಗೂಳಿ ತಿರುಗಿಸಲಿಲ್ಲ.

"ಮುಗೀತು," ಎಂದ ಗೂಳಿ. "ಹೋಗಿ."

ನಾನು ಅಕ್ಕನನ್ನು ಎಬ್ಬಿಸಿದೆ. ಅವಳ ಕೈಗೆ ನನ್ನ ದುಪಟ್ಟಾ ಸುತ್ತಿದೆ. ಮೆಟ್ಟಿಲ ಮೇಲೆ ಬೀಡುಬಿಟ್ಟಿದ್ದ ಗುಂಪು ನಮಗೆ ದಾರಿ ಬಿಟ್ಟಿತು. ಬೀದಿಗೆ ಬರುವ ಹೊತ್ತಿಗೆ ಭಾವನೂ ಹಿಂದೆಯೇ ಬಂದಿದ್ದ.

"ಏ, ಆ ಕಡೆ ಎಲ್ಲಿ? ಮನೆ ಈ ಕಡೆ."

ಅಕ್ಕ ನಿಲ್ಲಲಿಲ್ಲ.

"ಕೇಳಿಸ್ಲಿಲ್ವಾ?" ಅವನು ಬಂದು ಅವಳ ಜಡೆಗೆ ಎಡಗೈ ಹಾಕಿದ. ನಾನು ತಿರುಗಿದೆ. ಸುತ್ತಿಗೆ ನನ್ನ ಕೈಯಲ್ಲೇ ಇತ್ತು. ಯಾರೂ ಕಿತ್ತುಕೊಂಡಿರಲಿಲ್ಲ, ನನಗೂ ಅದರ ಅರಿವಿರಲಿಲ್ಲ. ಅವನ ಮೊಣಕೈಗೆ ಬಡಿದೆ. ಈ ಸಲ ಎಷ್ಟು ಬೇಕೋ ಅಷ್ಟು ಎಂದು ಅಳೆಯಲಿಲ್ಲ. ಅವನು ಚರಂಡಿಯ ಅಂಚಿನಲ್ಲಿ ಕುಸಿದು ಕೂತ. ಬಾಯಿ ತೆರೆದಿದ್ದರೂ ಕೂಗು ಬರಲಿಲ್ಲ. ದಾರಿಹೋಕರಿಬ್ಬರು ನಿಂತು ನೋಡಿ, ನನ್ನ ಮುಖ ನೋಡಿ, ಮುಂದೆ ಹೋದರು.

ಎರಡು ಬೀದಿ ಆಚೆ ಒಂದು ಸಣ್ಣ ಆಸ್ಪತ್ರೆ ತೆರೆದಿತ್ತು. ವಯಸ್ಸಾದ ಡಾಕ್ಟರಮ್ಮ ದುಪಟ್ಟಾ ಬಿಚ್ಚಿ, ದೀಪ ಹತ್ತಿರಕ್ಕೆ ಎಳೆದುಕೊಂಡರು.

"ಯಾರಮ್ಮ ಹೀಗೆ ಹೊಡೆದಿದ್ದು?"

"ನನ್ನ ತಂಗಿ," ಎಂದಳು ಅಕ್ಕ.

ಡಾಕ್ಟರಮ್ಮ ತಲೆಯೆತ್ತಿ ನನ್ನನ್ನು ನೋಡಿದರು. ನಾನು ನೆಲ ನೋಡಿದೆ. ಅವರು ಗಾಯ ತೊಳೆದರು, ಕಿರುಬೆರಳಿಗೆ ಪಟ್ಟಿ ಕಟ್ಟಿ ಬಿಗಿದರು.

"ಇದು ಇನ್ನು ನೆಟ್ಟಗಾಗಲ್ಲ. ಬೇರೆ ಬೆರಳು ಆಡಿಸು, ನೋಡೋಣ."

ಅಕ್ಕ ಹೆಬ್ಬೆರಳು ಮಡಿಸಿದಳು. ಆಮೇಲೆ ತೋರುಬೆರಳು, ನಡುಬೆರಳು. ಉಂಗುರಬೆರಳು ಒಂದು ಗಳಿಗೆ ತಡೆದು, ಕೊನೆಗೆ ಅದೂ ಮಡಿಯಿತು.